ಮನಸ್ಸಿನ ಗಾಯವೂ ನಿಷಿದ್ಧವಾದ ಮದ್ದೂ

1961ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಜೆರೂಸಲೆಮ್ ನಗರದ ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿ ಮೂರ್ಛೆ ಹೋದರು. ವಿಚಾರಣೆಗೆ ಗುರಿಯಾಗಿದ್ದವನು ಲಕ್ಷಾಂತರ ಯೆಹೂದ್ಯರನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಟ್ಸಿ ಅಧಿಕಾರಿ ಅಡಾಲ್ಫ್ ಐಕ್‌ಮನ್. ಸಾಕ್ಷಿ, ಔಷ್ವಿಟ್ಸ್ ಶಿಬಿರದಿಂದ ಬದುಕಿ ಬಂದ ಲೇಖಕ ಯೆಹಿಯೆಲ್ ಡಿ-ನೂರ್. ಶಿಬಿರದಲ್ಲಿ ತಮಗೆ ಕೊಟ್ಟಿದ್ದ ಕೈದಿಯ ಸಂಖ್ಯೆಯನ್ನೇ ಅವರು ತಮ್ಮ ಬರೆಹಗಳಿಗೆ ಅಂಕಿತವಾಗಿ ಇರಿಸಿಕೊಂಡಿದ್ದರು. ಔಷ್ವಿಟ್ಸ್ ಈ ಲೋಕಕ್ಕೆ ಸೇರಿದುದಲ್ಲ, ಅದು ಬೇರೊಂದು ಗ್ರಹ, ಅಲ್ಲಿದ್ದವರಿಗೆ ಹೆಸರುಗಳಿರಲಿಲ್ಲ ಎಂದು ಹೇಳತೊಡಗಿದವರು ಕೆಲವೇ ನಿಮಿಷಗಳಲ್ಲಿ ಕುಸಿದುಬಿದ್ದರು. ಯುದ್ಧ ಮುಗಿದು ಆಗಲೇ 16 ವರ್ಷಗಳಾಗಿದ್ದವು. ದೇಹಕ್ಕೆ ಯುದ್ಧ ಮುಗಿದಿತ್ತು, ಮನಸ್ಸಿಗೆ ಮುಗಿದಿರಲಿಲ್ಲ.

ಆಮೇಲೂ ಮುಗಿಯಲಿಲ್ಲ. ರಾತ್ರಿಯಾದೊಡನೆ ಶಿಬಿರವು ಕನಸಿನಲ್ಲಿ ಮರಳಿ ಬರುತ್ತಿದ್ದಿತು. ಹೀಗೆ ಮೂವತ್ತು ವರ್ಷಗಳು ಕಳೆದ ಮೇಲೆ, 1976ರಲ್ಲಿ, ಅವರು ಹಾಲೆಂಡಿನ ಲೈಡನ್ ನಗರಕ್ಕೆ ಹೋಗಿ ಯಾನ್ ಬಾಸ್ಟಿಯಾನ್ಸ್ ಎಂಬ ಮನೋವೈದ್ಯರ ಆರೈಕೆಗೆ ಒಳಗಾದರು. ಬಾಸ್ಟಿಯಾನ್ಸ್ ಅವರು ಸೆರೆಶಿಬಿರಗಳಿಂದ ಬದುಕಿ ಬಂದವರಿಗೆ ಎಲ್‌ಎಸ್‌ಡಿ ಎಂಬ ದ್ರವ್ಯವನ್ನು ಕೊಟ್ಟು, ಬಳಿಯಲ್ಲಿ ಕುಳಿತು, ಹುದುಗಿಹೋದ ನೆನಪುಗಳನ್ನು ಹೊರಗೆ ತರಿಸುತ್ತಿದ್ದರು. ಆ ಸ್ಥಿತಿಯಲ್ಲಿ ಡಿ-ನೂರ್ ಕಂಡ ದೃಶ್ಯಗಳಲ್ಲಿ ಒಂದು ಇದು: ಮುಂಜಾನೆಯ ಚಳಿಯಲ್ಲಿ ಆಕಳಿಸುತ್ತ ನಿಂತಿರುವ ಒಬ್ಬ ಜರ್ಮನ್ ಕಾವಲಿನವನು. ಇವನೂ ಒಬ್ಬ ಮನುಷ್ಯ; ಇವನ ಜಾಗದಲ್ಲಿ ನಾನಿರಬಹುದಾಗಿತ್ತು, ನನ್ನ ಜಾಗದಲ್ಲಿ ಇವನು ಇರಬಹುದಾಗಿತ್ತು ಎಂಬ ಅರಿವು ಅವರನ್ನು ನಡುಗಿಸಿತು. ಔಷ್ವಿಟ್ಸ್ ಬೇರೆ ಗ್ರಹವಲ್ಲ, ಮನುಷ್ಯನೇ ಕಟ್ಟಿದುದು ಎಂದು ಅವರು ಆಮೇಲೆ ಬರೆದರು. ಕನಸುಗಳ ಕಾಟವೂ ತಪ್ಪಿತೆಂದು ಹೇಳಿಕೊಂಡರು.

ಇದು ಒಬ್ಬರ ಮಾತು. ಒಬ್ಬರ ಮಾತನ್ನು ಪ್ರಮಾಣವೆಂದು ಒಪ್ಪುವುದು ವಿಜ್ಞಾನದ ಪದ್ಧತಿಯಲ್ಲ. ಕಿವಿಗೆ ಹಾಕಿಕೊಳ್ಳದೆ ಹೋಗುವುದೂ ಅದರ ಪದ್ಧತಿಯಲ್ಲ. ಬಾಸ್ಟಿಯಾನ್ಸ್ ಅವರು ಎಷ್ಟು ರೋಗಿಗಳಿಗೆ ಎಷ್ಟು ಗುಣವಾಯಿತೆಂಬುದನ್ನು ಹೋಲಿಕೆಯ ಗುಂಪನ್ನಿಟ್ಟುಕೊಂಡು ಕ್ರಮವಾಗಿ ಅಳೆದು ತೋರಿಸಲಿಲ್ಲ. ಆದುದರಿಂದ ಅಷ್ಟು ವರ್ಷಗಳ ಅನುಭವವು ಅವರೊಡನೆಯೇ ಹೋಯಿತೆನ್ನಬೇಕು. ನಮಗೆ ಇದು ದೊಡ್ಡ ನಷ್ಟವಾಗಿ ತೋರುತ್ತದೆ. ಏಕೆಂದರೆ ಅದೇ ಪ್ರಶ್ನೆಯನ್ನು ಇಂದು ಮತ್ತೆ ಮೊದಲಿನಿಂದ ಕೇಳಬೇಕಾಗಿ ಬಂದಿದೆ.

ರೋಗದ ಸ್ವರೂಪವನ್ನು ತಿಳಿಯಲು ತೆನಾಲಿ ರಾಮಕೃಷ್ಣನ ಬೆಕ್ಕನ್ನು ನೆನೆದುಕೊಂಡರೆ ಸಾಕು. ಅರಸನು ಸಾಕಲು ಕೊಟ್ಟ ಬೆಕ್ಕಿಗೆ ರಾಮಕೃಷ್ಣನು ಕುದಿಯುವ ಹಾಲನ್ನಿಟ್ಟ. ಅಂದಿನಿಂದ ಅದು ಹಾಲನ್ನು ಕಂಡರೆ ಓಡಿಹೋಗುತ್ತಿದ್ದಿತು. ಕಥೆ ಕೇಳಿ ನಗುವ ನಾವು ಬೆಕ್ಕಿನ ಪಾಡನ್ನು ಯೋಚಿಸುವುದಿಲ್ಲ. ಮುಂದೆ ಎಷ್ಟು ದಿನ ತಣ್ಣನೆಯ ಹಾಲಿಟ್ಟರೂ ಅದಕ್ಕೆ ತಿಳಿಯುವಂತಿಲ್ಲ; ಏಕೆಂದರೆ ಅದು ಬಟ್ಟಲಿನ ಬಳಿಗೆ ಬರುವುದೇ ಇಲ್ಲ. ಭಯವು ತನ್ನನ್ನು ಸುಳ್ಳಾಗಿಸಬಲ್ಲ ಅನುಭವವನ್ನೇ ಹತ್ತಿರ ಬಿಡದೆ ತನ್ನನ್ನು ಕಾಪಾಡಿಕೊಳ್ಳುತ್ತದೆ. ಯುದ್ಧ, ಅತ್ಯಾಚಾರ, ಅಪಘಾತ, ಭೂಕಂಪಗಳಿಂದ ಪಾರಾಗಿ ಬಂದವರಲ್ಲಿ ಕೆಲವರಿಗೆ (ಎಲ್ಲರಿಗೂ ಅಲ್ಲ, ಬಹುಮಂದಿ ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ) ಹೀಗೆಯೇ ಆಗುತ್ತದೆ. ಒಂದು ಸದ್ದು, ಒಂದು ವಾಸನೆ, ಒಂದು ಬಗೆಯ ಬಟ್ಟೆ ಸಾಕು; ಕಳೆದುಹೋದ ಘಟನೆ ಈಗಲೇ ನಡೆಯುತ್ತಿದೆಯೆಂಬಂತೆ ಎದೆ ಹೊಡೆದುಕೊಳ್ಳುತ್ತದೆ. ನಿದ್ರೆ ಕೆಡುತ್ತದೆ, ಮನೆಯವರೂ ಪರಕೀಯರಂತೆ ತೋರುತ್ತಾರೆ.

ಇದಕ್ಕೆ ಹೆಸರಿಡುವುದಕ್ಕೇ ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಹಿಡಿಯಿತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ವೈದ್ಯರು ಇದನ್ನು 'ಷೆಲ್ ಷಾಕ್', ಅಂದರೆ ಸಿಡಿಗುಂಡಿನ ಆಘಾತವೆಂದು ವರ್ಣಿಸಿದರು. ಅವರ ಸಮಕಾಲೀನರಾದ ಡಬ್ಲ್ಯು. ಎಚ್. ಆರ್. ರಿವರ್ಸ್ ನಮ್ಮ ನೆರೆಯ ನೀಲಗಿರಿಗೆ ಬಂದು ತೋಡರ ನಡುವೆ ಇದ್ದು, ಅವರ ಬಾಳುವೆಯನ್ನು ಕುರಿತು 1906ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದವರು. ಅದೇ ರಿವರ್ಸ್ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಎಡಿನ್‌ಬರೋ ಬಳಿಯ ಆಸ್ಪತ್ರೆಯಲ್ಲಿ ನೊಂದ ಸೈನ್ಯಾಧಿಕಾರಿಗಳನ್ನು ಉಪಚರಿಸಿದರು. ಮರೆತುಬಿಡು ಎಂದು ರೋಗಿಗೆ ಹೇಳುವುದು ತಪ್ಪು. ತಾಳಿಕೊಳ್ಳಬಲ್ಲಷ್ಟನ್ನು ನೆನೆದು, ಮಾತಿನಲ್ಲಿ ಹೊರಗೆ ಹಾಕಬೇಕು ಎಂಬುದು ಅವರ ಮತವಾಗಿದ್ದಿತು. ಆಘಾತೋತ್ತರ ಮನೋವ್ಯಥೆಗೆ ಈಗಿನ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಸೇರಿದುದು 1980ರಲ್ಲಿ. ಚಿಕಿತ್ಸೆಯ ಮೂಲತತ್ತ್ವ ಮಾತ್ರ ಇಂದಿಗೂ ರಿವರ್ಸ್ ಹೇಳಿದುದೇ: ಬೆಕ್ಕನ್ನು ಮೆಲ್ಲಮೆಲ್ಲನೆ ಬಟ್ಟಲಿನ ಬಳಿಗೆ ತರಬೇಕು.

ತೊಡಕಿರುವುದು ಇಲ್ಲಿಯೇ. ನೆನಪನ್ನು ಎದುರಿಸುವುದು ಕೆಲವರಿಗೆ ಎಷ್ಟು ಅಸಹ್ಯವೆಂದರೆ, ಅವರು ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಹೋಗುತ್ತಾರೆ. ಗುಳಿಗೆಗಳ ವಿಷಯ ಹೇಳುವುದಾದರೆ, ಈ ರೋಗಕ್ಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಒಪ್ಪಿರುವುವು ಎರಡೇ: 1999ರಲ್ಲಿ ಸರ್ಟ್ರಲೀನ್, 2001ರಲ್ಲಿ ಪ್ಯಾರಾಕ್ಸಿಟೀನ್. ಎರಡೂ ಮೊದಲು ಖಿನ್ನತೆಗಾಗಿ ಬಂದವು; ಅನೇಕರಿಗೆ ಇವು ಸ್ವಲ್ಪಮಟ್ಟಿಗೆ ಮಾತ್ರ ಸಹಾಯ ಮಾಡುತ್ತವೆ. ಭಯವನ್ನು ಕೆಲವು ಗಂಟೆಗಳ ಕಾಲ ದೂರವಿಟ್ಟು, ಅಷ್ಟರಲ್ಲಿ ರೋಗಿಯು ತನ್ನ ನೆನಪನ್ನು ನೆಟ್ಟಗೆ ನೋಡಲು ಅವಕಾಶ ಮಾಡಿಕೊಡುವ ದ್ರವ್ಯವೊಂದು ಇದ್ದರೆ?

ಇಂತಹ ಗುಣವುಳ್ಳದ್ದೆಂದು ಇಂದು ಹೆಚ್ಚಾಗಿ ಪರೀಕ್ಷೆಗೆ ಒಳಗಾಗಿರುವುದು ಎಂಡಿಎಂಎ. ಇದನ್ನು ಎಲ್‌ಎಸ್‌ಡಿ, ಸಿಲೊಸೈಬಿನ್ ಮುಂತಾದ ಸೈಕೆಡೆಲಿಕ್, ಎಂದರೆ ಚಿತ್ತವನ್ನು ಬೆಳಗಿ ತೋರಿಸುವ ದ್ರವ್ಯಗಳ ಜೊತೆಗೆ ಸೇರಿಸಿ ಹೇಳುವ ವಾಡಿಕೆಯುಂಟು. ನಿಜವಾಗಿ ನೋಡಿದರೆ ಇದು ಅವುಗಳ ದಾಯಾದಿ ಮಾತ್ರ. ವಿಚಿತ್ರ ದೃಶ್ಯಗಳನ್ನು ತೋರಿಸುವುದಕ್ಕಿಂತ ನಂಬಿಕೆ, ಸಮಾಧಾನ, ಇತರರಲ್ಲಿ ಅಕ್ಕರೆಗಳನ್ನು ಹೆಚ್ಚಿಸುವುದು ಇದರ ಸ್ವಭಾವ. ಜರ್ಮನಿಯ ಮೆರ್ಕ್ ಸಂಸ್ಥೆಯಲ್ಲಿ ಆಂಟನ್ ಕೋಲಿಷ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಮೊದಲು ತಯಾರಿಸಿದರು. 1912ರಲ್ಲಿ ಅದಕ್ಕೆ ಪೇಟೆಂಟು ಕೋರಲಾಯಿತು. ಅವರಿಗೆ ಬೇಕಾಗಿದ್ದುದು ರಕ್ತಸ್ರಾವವನ್ನು ನಿಲ್ಲಿಸುವ ಔಷಧ. ಇದು ಆ ದಾರಿಯಲ್ಲಿ ಸಿಕ್ಕಿದ ಒಂದು ಮೆಟ್ಟಿಲು, ಅಷ್ಟೆ. ಮನಸ್ಸಿನ ಮೇಲೆ ಅದರ ಪ್ರಭಾವವೇನೆಂಬುದನ್ನು ಕ್ಯಾಲಿಫೋರ್ನಿಯದ ಅಲೆಕ್ಸಾಂಡರ್ ಷುಲ್ಗಿನ್ ಅವರು ಡೇವಿಡ್ ನಿಕೋಲ್ಸ್ ಅವರೊಡನೆ 1978ರಲ್ಲಿ ಪ್ರಕಟಿಸಿದರು. ಕೆಲವು ಮನೋವೈದ್ಯರು ಸದ್ದಿಲ್ಲದೆ ಬಳಸತೊಡಗಿದರು. ವೈದ್ಯರ ಕೊಠಡಿಯಿಂದ ಅದು ನೃತ್ಯಶಾಲೆಗಳಿಗೆ ಹಬ್ಬಲು ತಡವಾಗಲಿಲ್ಲ. 1985ರಲ್ಲಿ ಅಮೆರಿಕ ಸರ್ಕಾರವು ಅದನ್ನು ಅತ್ಯಂತ ಕಠಿಣವಾದ ಮೊದಲನೆಯ ಪಟ್ಟಿಗೆ ಸೇರಿಸಿತು. ಈ ವಿಷಯವನ್ನು ವಿಚಾರಿಸಿದ ಆಡಳಿತ ನ್ಯಾಯಾಧೀಶ ಫ್ರಾನ್ಸಿಸ್ ಯಂಗ್ ಅವರು, ವೈದ್ಯಕೀಯ ಬಳಕೆಗೆ ಎಡೆಯಿರುವ ಮೂರನೆಯ ಪಟ್ಟಿ ಸಾಕೆಂದು 1986ರಲ್ಲಿ ಶಿಫಾರಸು ಮಾಡಿದರು. ಇಲಾಖೆ ಒಪ್ಪಲಿಲ್ಲ.

ಎಲ್‌ಎಸ್‌ಡಿಯ ಕಥೆಯೂ ಬೇರೆಯಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಅದನ್ನು ರೈ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಬೂಷ್ಟಿನ ಸಾರಗಳನ್ನು ಶೋಧಿಸುತ್ತಿದ್ದಾಗ 1938ರಲ್ಲಿ ತಯಾರಿಸಿದರು. ಅದರ ಗುಣ ಅವರಿಗೇ ತಿಳಿದುದು 1943ರಲ್ಲಿ, ಕಾಲು ಮಿಲಿಗ್ರಾಂ ಸೇವಿಸಿ ಸೈಕಲ್ಲಿನ ಮೇಲೆ ಮನೆಗೆ ಹೋಗುವಾಗ. 1950ರ ದಶಕದಲ್ಲಿ ಕೆನಡಾದಲ್ಲಿ ಹಂಫ್ರಿ ಆಸ್ಮಂಡ್ ಅವರು ಕುಡಿತದ ಚಟಕ್ಕೆ ಅದನ್ನು ಪ್ರಯೋಗಿಸಿ ನೋಡಿದರು. 'ಸೈಕೆಡೆಲಿಕ್' ಎಂಬ ಶಬ್ದವೂ ಅವರದೇ. ಅನಂತರ ಉತ್ಸಾಹಿಗಳು ಅದನ್ನು ಲೋಕೋದ್ಧಾರದ ಅಮೃತವೆಂದು ಸಾರಿದರು, ಸರ್ಕಾರಗಳು ಹೆದರಿದುವು. ಅಮೆರಿಕದ 1970ರ ಕಾನೂನು ಮತ್ತು 1971ರ ವಿಶ್ವಸಂಸ್ಥೆಯ ಒಡಂಬಡಿಕೆಗಳು ಬಂದಮೇಲೆ ಸಂಶೋಧನೆ ಹೆಚ್ಚುಕಡಿಮೆ ನಿಂತೇಹೋಯಿತು. ವೈದ್ಯಕೀಯ ಪ್ರಯೋಜನ ಸಿದ್ಧವಾಗದೆ ಪಟ್ಟಿಯಿಂದ ಇಳಿಸುವಂತಿಲ್ಲ. ಪಟ್ಟಿಯಲ್ಲಿರುವಷ್ಟು ಕಾಲ ಪ್ರಯೋಜನವನ್ನು ಸಿದ್ಧಪಡಿಸುವುದು ಬಲು ಕಷ್ಟ. ಹುಚ್ಚು ಬಿಡುವವರೆಗೆ ಮದುವೆಯಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ನಮ್ಮ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ. ಬೀದಿಯಲ್ಲಿ ಮಾರುವವನಿಗೆ ಈ ಕಾನೂನಿನಿಂದ ಆದ ಅಡಚಣೆಗಿಂತ ಪ್ರಯೋಗಶಾಲೆಯವನಿಗೆ ಆದುದೇ ಹೆಚ್ಚೆಂದು ನಮ್ಮ ಭಾವನೆ.

ಇನ್ನು ಪ್ರಯೋಗಗಳ ಮಾತು. ಅಮೆರಿಕದಲ್ಲಿ ಮೈಕೆಲ್ ಮಿಥೋಫರ್ ಅವರ ಮೊದಲ ಸಣ್ಣ ಪರೀಕ್ಷೆಯ ಫಲ ಪ್ರಕಟವಾದುದು 2011ರಲ್ಲಿ. ರೋಗಿಗಳು 20 ಮಂದಿ. 2021ರಲ್ಲಿ 90 ಮಂದಿಯ ಪರೀಕ್ಷೆ, 2023ರಲ್ಲಿ 104 ಮಂದಿಯ ಮತ್ತೊಂದು, ಎರಡೂ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದುವು. ಕ್ರಮ ಹೀಗಿತ್ತು: ಮೊದಲು ಒಂದೂವರೆ ಗಂಟೆಯಂತೆ ಮೂರು ಸಲ ಸಿದ್ಧತೆಯ ಮಾತುಕತೆ, ಆಮೇಲೆ ತಿಂಗಳಿಗೊಮ್ಮೆಯಂತೆ ಮೂರು ಸಲ, ಪ್ರತಿ ಸಲವೂ ಎಂಟು ಗಂಟೆ, ಔಷಧವನ್ನು ಕೊಟ್ಟು ಇಬ್ಬರು ಚಿಕಿತ್ಸಕರು ಜೊತೆಯಲ್ಲಿರುವುದು, ನಡುನಡುವೆ ಕಂಡುದನ್ನು ಅರಗಿಸಿಕೊಳ್ಳಲು ಒಂಬತ್ತು ಭೇಟಿಗಳು. ಎಲ್ಲ ಸೇರಿ 42 ಗಂಟೆ. ಅರ್ಧದಷ್ಟು ರೋಗಿಗಳಿಗೆ ಎಂಡಿಎಂಎ; ಉಳಿದವರಿಗೆ ನೋಡಲು ಅದೇ ತೆರನಾದ, ಒಳಗೆ ಏನೂ ಇಲ್ಲದ ಹುಸಿಮದ್ದು. ಮೊದಲ ಪರೀಕ್ಷೆಯನ್ನು ಪೂರೈಸಿದವರಲ್ಲಿ ಔಷಧ ಪಡೆದವರ ಪೈಕಿ ನೂರಕ್ಕೆ 67 ಮಂದಿ ರೋಗದ ಲಕ್ಷಣಗಳ ಗೆರೆಯಿಂದ ಈಚೆಗೆ ಬಂದರು. ಹುಸಿಮದ್ದು ಪಡೆದವರಲ್ಲಿ 32. ಎರಡನೆಯದರಲ್ಲಿ ಈ ಸಂಖ್ಯೆಗಳು ಸುಮಾರು 71 ಮತ್ತು 48.

ಓದುಗರು ಮೊದಲು ನೋಡುವುದು 71ನ್ನು. ನಾವು 48ರ ಮುಂದೆ ಸ್ವಲ್ಪ ನಿಲ್ಲಬಯಸುತ್ತೇವೆ. ಔಷಧವೇ ಇಲ್ಲದೆ, ಇಬ್ಬರು ತಿಳಿವುಳ್ಳವರು 42 ಗಂಟೆ ತಾಳ್ಮೆಯಿಂದ ಜೊತೆಗೆ ಕುಳಿತುದರಿಂದ, ಬಹುಕಾಲದಿಂದ ನರಳುತ್ತಿದ್ದವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಚೇತರಿಸಿಕೊಂಡರು! ಪತ್ರಿಕೆಗಳು ಇದನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಲಿಲ್ಲ.

71ರ ಬಗೆಗೂ ಒಂದು ಸಂದೇಹವುಂಟು. ತನಗೆ ದೊರೆತುದು ಮದ್ದೋ ಹುಸಿಮದ್ದೋ ಎಂಬುದು ರೋಗಿಗೂ ತಿಳಿಯಬಾರದು, ನೋಡಿಕೊಳ್ಳುವವನಿಗೂ ತಿಳಿಯಬಾರದು. ಔಷಧ ಪರೀಕ್ಷೆಯ ಪ್ರಾಣವೇ ಇದು. ಆದರೆ ಎಂಡಿಎಂಎ ಸೇವಿಸಿದವನಿಗೆ ಅದು ತಿಳಿಯದೆ ಇರುವುದು ಹೇಗೆ? ಎದೆ ಬಡಿತ ಏರುತ್ತದೆ, ದವಡೆ ಬಿಗಿಯುತ್ತದೆ, ಲೋಕವೇ ಒಳ್ಳೆಯದಾಗಿ ತೋರುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಔಷಧ ಪಡೆದವರ ಪೈಕಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಅದನ್ನು ಸರಿಯಾಗಿಯೇ ಊಹಿಸಿದರು. ಕಣ್ಣಿಗೆ ಕಟ್ಟಿದ ಬಟ್ಟೆ ಜಾರಿದ ಮೇಲೆ ಕಣ್ಣಾಮುಚ್ಚಾಲೆ ಆಟವೆಲ್ಲಿ? ಗುಣ ಬಂದುದರಲ್ಲಿ ದ್ರವ್ಯದ ಪಾಲೆಷ್ಟು, ಕೊನೆಗೂ ನಿಜವಾದ ಮದ್ದು ಸಿಕ್ಕಿತೆಂಬ ಭರವಸೆಯ ಪಾಲೆಷ್ಟು, ಸಿಕ್ಕಲಿಲ್ಲವೆಂದು ತಿಳಿದವರ ನಿರಾಶೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಹೀಗಾಗಿ ಕಷ್ಟವಾಯಿತು.

2024ರ ಜೂನ್ 4ರಂದು ಅಮೆರಿಕದ ಔಷಧ ಆಡಳಿತದ ಸಲಹಾ ಸಮಿತಿ ಸೇರಿತು. ಹನ್ನೊಂದು ಸದಸ್ಯರಲ್ಲಿ ಒಂಬತ್ತು ಮಂದಿ ಫಲ ಸಿದ್ಧವಾಗಿಲ್ಲವೆಂದರು. ಪ್ರಯೋಜನವು ಅಪಾಯವನ್ನು ಮೀರುವುದಿಲ್ಲವೆಂದು ಹತ್ತು ಮಂದಿ ಮತವಿತ್ತರು. ಆಗಸ್ಟಿನಲ್ಲಿ ಆಡಳಿತವು ಲೈಕೋಸ್ ಸಂಸ್ಥೆಯ ಅರ್ಜಿಯನ್ನು ಒಪ್ಪದೆ, ಇನ್ನೊಂದು ಪರೀಕ್ಷೆ ನಡೆಸಿ ಬರುವಂತೆ ಹೇಳಿತು. ಉಲ್ಲಾಸದಂತಹ ಅನುಭವಗಳು ಚಟಕ್ಕೆ ದಾರಿಯಾಗಬಹುದಾದರೂ ಅವುಗಳನ್ನು ಕ್ರಮವಾಗಿ ದಾಖಲೆ ಮಾಡಿರಲಿಲ್ಲವೆಂಬುದು ಆಕ್ಷೇಪಗಳಲ್ಲಿ ಒಂದು. ಇದಕ್ಕಿಂತ ನೋವಿನ ಸಂಗತಿ ಬೇರೊಂದು: ಹಿಂದೆ ಕೆನಡಾದ ಒಂದು ಕೇಂದ್ರದಲ್ಲಿ ಚಿಕಿತ್ಸಕರು ರೋಗಿಯೊಬ್ಬರೊಡನೆ ಅನುಚಿತವಾಗಿ ವರ್ತಿಸಿದ್ದರು. ಈ ಕಾರಣದಿಂದ 'ಸೈಕೋಫಾರ್ಮಕಾಲಜಿ' ಎಂಬ ಪತ್ರಿಕೆಯು ತಾನು ಪ್ರಕಟಿಸಿದ್ದ ಮೂರು ಲೇಖನಗಳನ್ನು ಅದೇ ಆಗಸ್ಟಿನಲ್ಲಿ ಹಿಂದಕ್ಕೆ ಪಡೆಯಿತು.

ಈ ನಿರಾಕರಣೆಯಿಂದ ಯುದ್ಧದಿಂದ ಮರಳಿದ ಎಷ್ಟೋ ಸೈನಿಕರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆನ್ನಿಸಿತು. ಅವರ ಸಂಕಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಈ ರೋಗದಲ್ಲಿ ಕಾಯುವ ಒಂದೊಂದು ವರ್ಷಕ್ಕೂ ಜೀವಗಳ ಬೆಲೆಯುಂಟು. ಹಾಗಿದ್ದರೂ ಆ ನಿರ್ಣಯ ಸರಿಯಾಗಿದ್ದಿತೆಂದೇ ನಮ್ಮ ಅಭಿಪ್ರಾಯ. ಕಾರಣವನ್ನು ಹೇಳುತ್ತೇವೆ. ಸಾಮಾನ್ಯ ಔಷಧವೊಂದರ ಗುಣ ಗುಳಿಗೆಯಲ್ಲಿಯೇ ಇರುತ್ತದೆ. ಕೊಡುವವನು ಒಳ್ಳೆಯವನಾದರೂ ಕೆಟ್ಟವನಾದರೂ ಜ್ವರ ಇಳಿಯುತ್ತದೆ. ಇಲ್ಲಿ ಹಾಗಲ್ಲ. ಎದುರಿಗಿರುವವರನ್ನು ನಂಬುವಂತೆ ಮಾಡುವುದೇ ಈ ದ್ರವ್ಯದ ಗುಣ. ರೋಗಿಯನ್ನು ನೆನಪಿನ ಎದುರಿಗೆ ಧೈರ್ಯವಾಗಿ ನಿಲ್ಲಿಸುವ ಆ ನಂಬಿಕೆಯೇ ಅವನನ್ನು ಚಿಕಿತ್ಸಕನ ಎದುರಿಗೆ ನಿರಾಯುಧನನ್ನಾಗಿಯೂ ನಿಲ್ಲಿಸುತ್ತದೆ. ಆದುದರಿಂದ ಎಷ್ಟು ಮಿಲಿಗ್ರಾಂ ಎಂಬುದಕ್ಕೆ ಇರುವಷ್ಟೇ ಬಿಗಿಯಾದ ನಿಯಮ ಯಾರು, ಯಾವ ತರಬೇತಿಯವರು, ಯಾರ ಮೇಲ್ವಿಚಾರಣೆಯಲ್ಲಿ ಎಂಬುದಕ್ಕೂ ಇರಬೇಕು. ಅದಿಲ್ಲದೆ ಬಾಗಿಲು ತೆರೆದು, ನಾಲ್ಕು ಅನಾಹುತಗಳಾಗಿ, 1970ರಂತೆ ಮತ್ತೆ ಬಾಗಿಲು ಮುಚ್ಚಿದರೆ ನಷ್ಟ ಯಾರಿಗೆ?

ಕನ್ನಡದಲ್ಲಿ 'ಮದ್ದು' ಎಂಬ ಒಂದೇ ಮಾತು ಔಷಧಕ್ಕೂ ಬಂದೂಕಿನ ಪುಡಿಗೂ ಸಲ್ಲುತ್ತದೆ. 'ಮದ್ದು ಹಾಕಿದರು' ಎಂದು ಹಳ್ಳಿಯಲ್ಲಿ ಪಿಸುಗುಟ್ಟಿದರೆ ಮೂರನೆಯ ಅರ್ಥವೂ ಹೊರಡುತ್ತದೆ. ಈ ದ್ರವ್ಯಗಳ ವಿಷಯದಲ್ಲಿ ಮೂರು ಅರ್ಥಗಳನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನೃತ್ಯಕೂಟಗಳಲ್ಲಿ ಎಂಡಿಎಂಎ ಎಂದು ಕೈಗೆ ಬರುವ ಗುಳಿಗೆಯಲ್ಲಿ ಏನಿದೆಯೆಂದು ಕೊಟ್ಟವನಿಗೂ ತಿಳಿದಿರುವುದಿಲ್ಲ. ಮೈಕಾವು ಮಿತಿಮೀರಿ ಏರಿ, ಇಲ್ಲವೆ ರಕ್ತದಲ್ಲಿ ಸೋಡಿಯಂ ಇಳಿದು ತರುಣರು ಸತ್ತಿದ್ದಾರೆ. ಪ್ರಯೋಗಾಲಯದ ವರದಿಗಳನ್ನು ತೋರಿಸಿ ಅದಕ್ಕೆ ಸಮರ್ಥನೆ ಹುಡುಕುವವರು ವರದಿಯನ್ನು ಓದಿಲ್ಲ.

ಮೆದುಳಿನಲ್ಲಿ ಇದು ಮಾಡುವ ಕೆಲಸವೇನು? ನರಕೋಶಗಳಲ್ಲಿ ಕೂಡಿಟ್ಟಿರುವ ಸೆರೊಟೊನಿನ್ ಒಮ್ಮೆಲೇ ಹೊರಬೀಳುವಂತೆ ಮಾಡುತ್ತದೆ. ತಾಯಿಗೆ ಕೂಸಿನಲ್ಲಿ ಅಕ್ಕರೆ ಮೂಡುವಾಗ ಸ್ರವಿಸುವ ಆಕ್ಸಿಟೋಸಿನ್ ಹೆಚ್ಚುತ್ತದೆ. ಭಯದ ಗಂಟೆ ಬಾರಿಸುವ ಅಮಿಗ್ಡಾಲ ಎಂಬ ಭಾಗ ಸ್ವಲ್ಪ ಸುಮ್ಮನಾಗುತ್ತದೆ. ಆದರೆ ಔಷಧದ ಅಮಲು ಕೆಲವು ಗಂಟೆಗಳಲ್ಲಿ ಇಳಿದ ಮೇಲೂ ಗುಣ ತಿಂಗಳುಗಟ್ಟಲೆ ಉಳಿಯುವುದೇಕೆ? ಇದಕ್ಕೆ ಸುಳಿವು ಕೊಡುವಂತಹ ಕೆಲಸವನ್ನು ಗುಲ್ ಡೋಲನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇಲಿಗಳಲ್ಲಿ ಮಾಡಿದ್ದಾರೆ. ಎಳೆಯ ಇಲಿಗೆ ಒಡನಾಟದ ಸುಖವನ್ನು ಕಲಿಯಲು ಒಂದು ಗೊತ್ತಾದ ವಯಸ್ಸುಂಟು. ಬೆಳೆದ ಮೇಲೆ ಆ ಕಿಟಕಿ ಮುಚ್ಚಿಹೋಗುತ್ತದೆ. ಎಂಡಿಎಂಎ ಕೊಟ್ಟಾಗ ಬೆಳೆದ ಇಲಿಯಲ್ಲಿಯೂ ಅದು ಕೆಲವು ದಿನ ಮತ್ತೆ ತೆರೆಯಿತೆಂದು 2019ರಲ್ಲಿ ವರದಿಯಾಯಿತು. ಒಂಟಿಯಾಗಿಟ್ಟ ಇಲಿಗೆ ಕೊಟ್ಟರೆ ಆ ಫಲವಿಲ್ಲ, ಜೊತೆಗಾರರು ಬೇಕು. ಎಲ್‌ಎಸ್‌ಡಿ, ಸಿಲೊಸೈಬಿನ್‌ಗಳೂ ಕಿಟಕಿಯನ್ನು ತೆರೆಯುತ್ತವೆಂದು 2023ರಲ್ಲಿ ತೋರಿಸಿದರು. (ಇದೇ ಡೋಲನ್ 2018ರಲ್ಲಿ ಒಂಟಿತನಕ್ಕೆ ಹೆಸರಾದ ಆಕ್ಟೋಪಸ್ಸನ್ನು ಈ ದ್ರವ್ಯ ಬೆರಸಿದ ನೀರಿನಲ್ಲಿಟ್ಟು, ಅದು ತನ್ನ ನೆರೆಯವನ ಬಳಿ ಸಾರಿದುದನ್ನು ಪ್ರಕಟಿಸಿದರು. ನಮ್ಮ ಅವರ ವಂಶಗಳು ಬೇರೆಯಾಗಿ ಐವತ್ತು ಕೋಟಿ ವರ್ಷಗಳ ಮೇಲಾಯಿತು!) ಇಲಿಯಿಂದ ಮನುಷ್ಯನಿಗೆ ಹಾರುವುದು ಅವಸರವೇ ಸರಿ. ಆದರೆ ಕಿಟಕಿ ತೆರೆದಿರುವಾಗ ಯಾವ ಗಾಳಿ ಒಳಗೆ ಬರುತ್ತದೆಂಬುದರ ಮೇಲೆ ಫಲ ನಿಂತಿದೆಯೆಂಬ ಸೂಚನೆ ಚಿಕಿತ್ಸಕನ ವಿಷಯದಲ್ಲಿ ನಾವು ಮೇಲೆ ಹೇಳಿದ ಮಾತನ್ನೇ ಬಲಪಡಿಸುತ್ತದೆ.

ಬೇರೆ ದ್ರವ್ಯಗಳೂ ಸಾಲಿನಲ್ಲಿ ನಿಂತಿವೆ. ಆಫ್ರಿಕದ ಗ್ಯಾಬೊನ್ ಮುಂತಾದ ಕಡೆ ಬೆಳೆಯುವ ಇಬೋಗಾ ಪೊದೆಯ ಐಬೊಗೇನನ್ನು ಮೆಕ್ಸಿಕೋದಲ್ಲಿ 30 ಮಂದಿ ಅಮೆರಿಕನ್ ಮಾಜಿ ಸೈನಿಕರು ಸೇವಿಸಿದ ಮೇಲೆ ಲಕ್ಷಣಗಳು ಬಹಳ ತಗ್ಗಿದುವೆಂದು ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2024ರ ಜನವರಿಯಲ್ಲಿ ಪ್ರಕಟಿಸಿದರು. ಹೋಲಿಕೆಯ ಗುಂಪಿರಲಿಲ್ಲ, ಐಬೊಗೇನು ಹೃದಯದ ಬಡಿತವನ್ನು ಕೆಡಿಸಬಲ್ಲದು. ಆಸ್ಟ್ರೇಲಿಯವು 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಈ ರೋಗಕ್ಕೆ ಎಂಡಿಎಂಎ ಬರೆದುಕೊಡಬಹುದೆಂದು ವಿಧಿಸಿದೆ. ನಮಗೆ ಅದು ಒಂದು ಹೆಜ್ಜೆ ಮುಂದಾಗಿಯೇ ಇಟ್ಟಂತೆ ತೋರಿದರೂ, ಅಲ್ಲಿಯ ಅನುಭವವನ್ನು ಲೆಕ್ಕವಿಟ್ಟು ಪ್ರಕಟಿಸಿದರೆ ಲೋಕಕ್ಕೆ ಉಪಕಾರವಾದೀತು.

ನಮ್ಮ ದೇಶದಲ್ಲಿ? 1985ರ ಮಾದಕ ದ್ರವ್ಯಗಳ ಕಾನೂನು ಇವುಗಳನ್ನು ನಿಷೇಧಿಸುತ್ತದೆ. ಆದರೆ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ನಿಯಮಬದ್ಧವಾದ ವಿನಾಯಿತಿಯ ಮಾತೂ ಅದರಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1999ರ ಒಡಿಶಾ ಚಂಡಮಾರುತ, 2001ರ ಗುಜರಾತಿನ ಭೂಕಂಪ, 2004ರ ಸುನಾಮಿಗಳ ತರುವಾಯ ನೊಂದವರ ನಡುವೆ ಕೆಲಸ ಮಾಡಿದವರು. ಇಂತಹ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ನಡೆಸಬಲ್ಲ ಸ್ಥಳ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಬೇರೆಯವರು ಮಾಡಿ ಮುಗಿಸಲಿ, ನಾವು ಕೊಂಡುಕೊಳ್ಳೋಣ ಎಂದು ಕುಳಿತಿರುವುದನ್ನು ನಾವು ಒಪ್ಪೆವು. ಆದರೆ ಅದೇ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋರೋಗಗಳಿಗೆ ಚಿಕಿತ್ಸೆಯೇ ದೊರೆಯದವರು ನೂರಕ್ಕೆ 70ರಿಂದ 92. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ನಾಡಿನಲ್ಲಿ ಒಬ್ಬ ರೋಗಿಗೆ ಇಬ್ಬರು ಚಿಕಿತ್ಸಕರ 42 ಗಂಟೆಗಳನ್ನು ಎಲ್ಲಿಂದ ತರುವುದು? ಹುಸಿಮದ್ದಿನ ಗುಂಪಿನ ಆ 48ನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕು. ಕಾನೂನಿನ ಅನುಮತಿ ಬೇಕಿಲ್ಲದ, ಇಂದೇ ಕೊಡಬಹುದಾದ ಚಿಕಿತ್ಸೆ ಅದು. ವೈದ್ಯಕೀಯವನ್ನೋ ಮನಃಶಾಸ್ತ್ರವನ್ನೋ ಓದಲು ಹೊರಟಿರುವ ವಿದ್ಯಾರ್ಥಿಗಳು ಇದನ್ನು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇವೆ.

2024ರ ಡಿಸೆಂಬರಿನಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯು ಈ ರೋಗವೂ ಕುಡಿತವೂ ಎರಡೂ ಇರುವ ಸೈನಿಕರಲ್ಲಿ ಎಂಡಿಎಂಎ ಪರೀಕ್ಷೆಗೆ ಹಣ ಕೊಡುವುದಾಗಿ ಪ್ರಕಟಿಸಿತು. 1960ರ ದಶಕದಿಂದೀಚೆಗೆ ಆ ಇಲಾಖೆ ಇಂತಹ ಚಿಕಿತ್ಸೆಯ ಸಂಶೋಧನೆಗೆ ಹಣ ಕೊಡುತ್ತಿರುವುದು ಇದೇ ಮೊದಲು. ಅವಧಿ ಐದು ವರ್ಷ. ಇದರಲ್ಲಿ ಹೋಲಿಕೆಗೆ ಇರಿಸಿಕೊಂಡಿರುವುದು ಒಳಗೆ ಏನೂ ಇಲ್ಲದ ಗುಳಿಗೆಯಲ್ಲ. ಮೈಯಲ್ಲಿ ಒಂದಿಷ್ಟು ಬದಲಾವಣೆಯನ್ನು ತೋರಿಸುವ, ಆದುದರಿಂದ ಮದ್ದೋ ಹುಸಿಯೋ ಎಂದು ಊಹಿಸಲು ಅಷ್ಟು ಸುಲಭವಲ್ಲದ ಹುಸಿಮದ್ದು. ಕಣ್ಣಿನ ಬಟ್ಟೆ ಈ ಸಲ ಜಾರದೆ ನಿಲ್ಲುವುದೋ ಇಲ್ಲವೋ ಎಂಬುದನ್ನೇ ನಾವು ಎದುರು ನೋಡುತ್ತಿದ್ದೇವೆ.